ಓದುಗರ ಪ್ರಶ್ನೋತ್ತರ: ಗಾಜಿನ ಮನೆ, ಅರಗಿನ ಮನೆ

ಅನಾಥರಾದ ಒಡಹುಟ್ಟಿದವರು ದುಷ್ಟ ಪಾಲಕರ ಕೈಗೆ ಸಿಕ್ಕಿಕೊಳ್ಳುವ ಕುತೂಹಲಕಾರಿ ಚಿತ್ರವೊಂದನ್ನು ತಿಳಿಸಿರೆಂದು ಎರಡು ಸಂಚಿಕೆಗಳ ಹಿಂದೆ ಧಾರವಾಡದ ಓದುಗರೊಬ್ಬರು ಕೇಳಿದ್ದರು. 2001ರಲ್ಲಿ ಬಂದ ‘ದಿ ಗ್ಲಾಸ್ ಹೌಸ್’ ಎಂಬ ಅಮೆರಿಕದ ಚಿತ್ರವನ್ನು ನೋಡಬಹುದೆಂದು ಒಂದೇ ಸಾಲಿನಲ್ಲಿ ಉತ್ತರಿಸಿ ನಾನು ಮುಂದಿನ ಪ್ರಶ್ನೆಗೆ ಹೋಗಿದ್ದೆ. ಆ ಒಂದು ಸಾಲು ಇಷ್ಟು ಪತ್ರಗಳನ್ನು ಹೊತ್ತು ತರುವುದೆಂದು ಎಣಿಸಿರಲಿಲ್ಲ. ಮೆಚ್ಚಿದವರಿಗಿಂತ ಮುನಿಸಿಕೊಂಡವರೇ ಹೆಚ್ಚು. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಇದೊಂದಕ್ಕೇ ಮೀಸಲಿಟ್ಟಿದ್ದೇನೆ.

ಚಿತ್ರ ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಹದಿನಾರರ ರೂಬಿ ಮತ್ತು ಅವಳ ತಮ್ಮ ರೆಟ್ ಕಾರು ಅಪಘಾತದಲ್ಲಿ ತಂದೆ ತಾಯಿಯರನ್ನು ಕಳೆದುಕೊಳ್ಳುತ್ತಾರೆ. ಉಯಿಲಿನಂತೆ ಮಕ್ಕಳ ಹೊಣೆಯು ಹಿಂದೆ ಇವರ ನೆರೆಯಲ್ಲಿದ್ದ ಗ್ಲಾಸ್ ದಂಪತಿಗೆ ಬರುತ್ತದೆ. ಮಾಲಿಬುವಿನ ಕಡಲ ಬದಿಯ ಗುಡ್ಡದ ಮೇಲೆ ಗಾಜಿನ ಗೋಡೆಗಳ ದೊಡ್ಡ ಮನೆ ಅವರದು. ಹೆಂಡತಿ ಎರಿನ್ ವೈದ್ಯೆ, ಗಂಡ ಟೆರ್ರಿ ವ್ಯಾಪಾರಿ. ಟೆರ್ರಿ ಸಾಲಗಾರರ ಕೈಗೆ ಸಿಕ್ಕು ಒದ್ದಾಡುತ್ತಿದ್ದಾನೆಂಬುದೂ, ಅವನ ಕಣ್ಣು ಮಕ್ಕಳ ಹೆಸರಿನಲ್ಲಿರುವ ನಲವತ್ತು ಲಕ್ಷ ಡಾಲರ್ ನಿಧಿಯ ಮೇಲಿದೆಯೆಂಬುದೂ ರೂಬಿಗೆ ಮೆಲ್ಲಮೆಲ್ಲನೆ ಹೊಳೆಯುತ್ತದೆ. ಮುಂದಿನ ಉತ್ತರಗಳಲ್ಲಿ ಕಥೆಯ ಕೊನೆಯನ್ನೂ ಮುಚ್ಚಿಟ್ಟಿಲ್ಲ. ಚಿತ್ರವನ್ನು ನೋಡಬೇಕೆಂದಿರುವವರು ಈ ಪುಟವನ್ನು ಸದ್ಯಕ್ಕೆ ಮಗುಚಬಹುದು.

ಪ್ರಶ್ನೆ: ನಿಮ್ಮ ಮಾತನ್ನು ನಂಬಿ ಮನೆಮಂದಿಯೆಲ್ಲ ಕುಳಿತು ನೋಡಿದೆವು. ಮೊದಲ ಅರ್ಧ ಗಂಟೆಯೊಳಗೇ ಟೆರ್ರಿ ಕೆಟ್ಟವನೆಂದು ನನ್ನ ಹನ್ನೆರಡು ವರ್ಷದ ಮೊಮ್ಮಗ ಹೇಳಿಬಿಟ್ಟ. ಆಮೇಲೆ ಅವನು ಹೇಳಿದಂತೆಯೇ ಆಯಿತು. ಎಲ್ಲವೂ ಮೊದಲೇ ತಿಳಿದಮೇಲೆ ಇದರಲ್ಲಿ ಕುತೂಹಲವೆಲ್ಲಿದೆ?
(ನಿವೃತ್ತ ಬ್ಯಾಂಕ್ ನೌಕರರು, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಬಂದ ಪತ್ರಗಳಲ್ಲಿ ಹೆಚ್ಚಿನವು ಇದೇ ದೂರನ್ನು ಹೊತ್ತಿವೆ, ಒಬ್ಬರಂತೂ, ಮನೆಗೇ ‘ಗ್ಲಾಸ್’ ಎಂಬ ಹೆಸರಿಟ್ಟ ಮೇಲೆ ಅದು ಒಡೆಯದೆ ಇನ್ನೇನಾದೀತು ಎಂದು ಬರೆದಿದ್ದಾರೆ. ನಿಮ್ಮ ಮೊಮ್ಮಗನ ಜಾಣತನವನ್ನು ಮೆಚ್ಚುತ್ತೇನೆ. ಆದರೆ ಅವನು ಬಿಡಿಸಿದ ಒಗಟನ್ನು ಚಿತ್ರವು ಒಡ್ಡಿಯೇ ಇರಲಿಲ್ಲ. ಕೊಲೆಗಾರ ಯಾರೆಂದು ಕೊನೆಯವರೆಗೂ ಮುಚ್ಚಿಡುವ ಕಥೆಗಳ ಜಾತಿ ಬೇರೆ. ಅಪಾಯವನ್ನು ನೋಡುಗನಿಗೆ ಮೊದಲೇ ತೋರಿಸಿ, ಕಥೆಯೊಳಗಿನವರಿಗೆ ಅದು ಯಾವಾಗ ತಿಳಿದೀತೆಂದು ಕಾಯಿಸುವ ಕಥೆಗಳದು ಮತ್ತೊಂದು ಜಾತಿ. ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ಇದನ್ನು ಒಂದು ಮೇಜಿನ ದೃಷ್ಟಾಂತದಿಂದ ವಿವರಿಸುತ್ತಿದ್ದರು. ಇಬ್ಬರು ಕುಳಿತು ಹರಟುತ್ತಿರುವ ಮೇಜಿನ ಕೆಳಗೆ ಬಾಂಬ್ ಇದೆಯೆಂಬುದು ನೋಡುಗನಿಗೆ ತಿಳಿಯದೆ ಅದು ಸಿಡಿದರೆ ಹದಿನೈದು ಸೆಕೆಂಡಿನ ಬೆಚ್ಚು ಸಿಗುತ್ತದೆ. ತಿಳಿದಿದ್ದರೆ ಅದೇ ಹರಟೆಯು ಹದಿನೈದು ನಿಮಿಷ ಉಸಿರು ಹಿಡಿಸುತ್ತದೆ ಎಂಬುದು ಅವರ ಮಾತಿನ ತಿರುಳು.

‘ದಿ ಗ್ಲಾಸ್ ಹೌಸ್’ ಎರಡನೆಯ ಜಾತಿಗೆ ಸೇರಿದ್ದು. ಅದರ ಚೆಂದವಿರುವುದು ಸಣ್ಣ ಸಣ್ಣ ಸಂಗತಿಗಳಲ್ಲಿ. ಮನೆ ಅಷ್ಟು ದೊಡ್ಡದಿದ್ದರೂ ವಯಸ್ಸಿಗೆ ಬಂದ ಹುಡುಗಿಗೂ ಅವಳ ತಮ್ಮನಿಗೂ ಒಂದೇ ಕೋಣೆ ಕೊಡುತ್ತಾರೆ; ಎರಿನ್ ತನಗೆ ತಾನೇ ಸೂಜಿ ಚುಚ್ಚಿಕೊಳ್ಳುವುದನ್ನು ರೂಬಿ ಕಂಡಾಗ, ಅದು ಸಕ್ಕರೆ ಕಾಯಿಲೆಯ ಮದ್ದೆಂಬ ಸಮಜಾಯಿಷಿ ಬರುತ್ತದೆ; ಹುಡುಗನ ಮುಂದೆ ದುಬಾರಿ ವಿಡಿಯೋ ಆಟಗಳನ್ನು ರಾಶಿ ಹಾಕುತ್ತಾರೆ. ಬಿಡಿಬಿಡಿಯಾಗಿ ನೋಡಿದರೆ ಇವುಗಳಲ್ಲಿ ಒಂದೂ ಪೊಲೀಸರಿಗೆ ದೂರು ಕೊಡುವಂಥದ್ದಲ್ಲ. ಆ ಹುಡುಗಿಯ ಕಷ್ಟವೂ ಅದೇ. ನಿಮ್ಮ ಮೊಮ್ಮಗ ಅರ್ಧ ಗಂಟೆಯಲ್ಲಿ ಕಂಡುಕೊಂಡದ್ದನ್ನು ಅವಳು ದೊಡ್ಡವರಿಗೆ ಹೇಳಿ ನಂಬಿಸಬೇಕಾಗಿದೆ, ಮತ್ತು ತೋರಿಸಲು ಅವಳ ಕೈಯಲ್ಲಿ ಏನೂ ಇಲ್ಲ.

ಹೀಗೆಂದ ಮಾತ್ರಕ್ಕೆ ಚಿತ್ರವನ್ನು ನಾನು ಪೂರ್ತಿಯಾಗಿ ಸಮರ್ಥಿಸುತ್ತಿಲ್ಲ. ಟೆರ್ರಿ ಹಾದುಹೋದಾಗಲೆಲ್ಲ ಹಿನ್ನೆಲೆ ಸಂಗೀತವು ‘ಇವನೇ, ಇವನೇ’ ಎಂದು ಬೆರಳು ತೋರಿಸುವುದು ನನಗೂ ಬೇಸರ ತರಿಸಿತು. ನಿರ್ದೇಶಕ ಡ್ಯಾನಿಯಲ್ ಸ್ಯಾಕ್‌ಹೈಮ್ ಟಿವಿ ಧಾರಾವಾಹಿಗಳಲ್ಲಿ ಪಳಗಿ ಬಂದವರು. ಜಾಹೀರಾತಿಗೆ ಎದ್ದುಹೋದ ನೋಡುಗನು ಮರಳಿ ಬಂದು ಕುಳಿತಾಗ ಕಥೆಯ ಎಳೆ ತಪ್ಪದಿರಲೆಂದು ಎಲ್ಲವನ್ನೂ ಎರಡೆರಡು ಸಲ ಹೇಳುವ ರೂಢಿ ಅಲ್ಲಿಂದಲೇ ಬಂದಿರಬೇಕೆಂದು ನನ್ನ ಊಹೆ.

ಪ್ರಶ್ನೆ: ಚಿತ್ರ ನೋಡುವಾಗ ನನಗೆ ಅರಗಿನ ಮನೆಯ ಪ್ರಸಂಗ ಮತ್ತೆ ಮತ್ತೆ ನೆನಪಾಯಿತು. ತಂದೆಯಿಲ್ಲದ ಮಕ್ಕಳು, ಹಿರಿಯರೇ ಏರ್ಪಡಿಸಿದ ಅಂದದ ಮನೆ, ಒಳಗೆ ಹೊಂಚು. ಈ ಹೋಲಿಕೆ ಅತಿಯಾಯಿತೆ?
(ಗಮಕ ಕೇಳುವ ಹವ್ಯಾಸವುಳ್ಳ ಓದುಗರು, ಗದಗ)

ಉತ್ತರ: ವೀರನಾರಾಯಣನ ಸನ್ನಿಧಿಯಲ್ಲಿ ಕುಳಿತು ಕುಮಾರವ್ಯಾಸನು ಭಾರತವನ್ನು ಬರೆದನೆಂದು ನಂಬುವ ಊರಿನವರಿಗೆ ಈ ಹೋಲಿಕೆ ಹೊಳೆಯದಿದ್ದರೆ ನಾನು ಅಚ್ಚರಿಪಡುತ್ತಿದ್ದೆ. ಮೇಲಿನ ಪತ್ರದ ಹುಬ್ಬಳ್ಳಿಯ ಹಿರಿಯರಿಗೂ ಇದರಲ್ಲೊಂದು ಉತ್ತರವಿದೆ: ಅರಗಿನ ಮನೆಗೆ ಬೆಂಕಿ ಬೀಳುತ್ತದೆ, ಪಾಂಡವರು ಪಾರಾಗುತ್ತಾರೆ ಎಂಬುದು ಗೊತ್ತಿಲ್ಲದವರು ಗಮಕ ಕೇಳಲು ಬರುವುದೇ ಇಲ್ಲ. ಹಾಗಿದ್ದೂ ವಾಚನಕಾರರು ಆ ಭಾಗಕ್ಕೆ ಬಂದಾಗ ಸಭೆಯಲ್ಲಿ ಯಾರೂ ಕದಲುವುದಿಲ್ಲ.

ಆದರೆ ಹೋಲಿಕೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕೆಂದು ನನಗನ್ನಿಸುತ್ತದೆ. ವಾರಣಾವತಕ್ಕೆ ಹೊರಟ ಪಾಂಡವರ ಜೊತೆಗೆ ತಾಯಿ ಕುಂತಿಯಿದ್ದಳು. ಅದಕ್ಕಿಂತ ಮುಖ್ಯವಾಗಿ, ಹಸ್ತಿನಾವತಿಯಲ್ಲಿ ವಿದುರನಿದ್ದನು. ಅರಸನ ಮನೆಯ ಒಳಗಿದ್ದುಕೊಂಡೇ ಅವನು ಧರ್ಮರಾಯನಿಗೆ ಒಗಟಿನ ಮಾತಿನಲ್ಲಿ ಎಚ್ಚರಿಕೆ ಕೊಟ್ಟನು, ಸುರಂಗ ತೋಡಲು ಆಳನ್ನು ಕಳುಹಿಸಿದನು. ಈಗ ಮಾಲಿಬುವಿನ ಮನೆಯನ್ನು ನೋಡಿ. ನಿಧಿಯನ್ನು ನೋಡಿಕೊಳ್ಳುವ ವಕೀಲರ ಬಳಿ ರೂಬಿ ಹೋಗುತ್ತಾಳೆ; ಹಿರಿಯ ನಟ ಬ್ರೂಸ್ ಡರ್ನ್ ಆ ಪಾತ್ರಕ್ಕೆ ಎಷ್ಟು ನಯವಾದ ನಗೆ ತಂದಿದ್ದಾರೆಂದರೆ, ಅವರು ಆಲಿಸುತ್ತಿದ್ದಾರೋ ಸಾಗಹಾಕುತ್ತಿದ್ದಾರೋ ತಿಳಿಯುವುದಿಲ್ಲ. ಸಮಾಜ ಕಲ್ಯಾಣದ ಕಾರ್ಯಕರ್ತೆ ಮನೆಗೆ ಬಂದು, ಅಂದಚೆಂದವನ್ನೆಲ್ಲ ಕಂಡು, ತೃಪ್ತಿಯಿಂದ ಹಿಂದಿರುಗುತ್ತಾಳೆ. ಶಾಲೆಯಲ್ಲಿ ಹುಡುಗಿಯ ಮಾತಿಗೆ ಇದ್ದ ಬೆಲೆಯೂ ಹೋಗುತ್ತದೆ: ‘ಹ್ಯಾಮ್ಲೆಟ್’ ನಾಟಕದ ಮೇಲೆ ಅವಳು ಒಪ್ಪಿಸಬೇಕಿದ್ದ ಪ್ರಬಂಧವನ್ನು ಟೆರ್ರಿಯೇ ಬರೆದುಕೊಡುತ್ತಾನೆ, ಅದು ಕದ್ದ ಬರಹವೆಂದು ಬಯಲಾಗುತ್ತದೆ, ಸುಳ್ಳುಗಾತಿಯೆಂಬ ಹಣೆಪಟ್ಟಿ ಮಾತ್ರ ಅವಳಿಗೆ ಅಂಟುತ್ತದೆ. (ತಂದೆಯನ್ನು ಕೊಂದವನೇ ತಂದೆಯ ಸ್ಥಾನದಲ್ಲಿ ಬಂದು ಕೂರುವ ನಾಟಕವನ್ನೇ ಚಿತ್ರಕಥೆಗಾರರು ಇಲ್ಲಿ ಆರಿಸಿಕೊಂಡದ್ದು ಸುಮ್ಮನೆ ಅಲ್ಲ.) ಗಾಜಿನ ಮನೆ ಹೊರಗಿನಿಂದ ಎಲ್ಲರಿಗೂ ಕಾಣುತ್ತದೆ, ಕಂಡವರೆಲ್ಲ ಮೆಚ್ಚಿ ಹೋಗುತ್ತಾರೆ, ಅಲ್ಲಿ ವಿದುರನೊಬ್ಬನು ಇಲ್ಲ. ಟೆರ್ರಿಯ ಕ್ರೌರ್ಯ ನನ್ನನ್ನು ಅಷ್ಟಾಗಿ ಹೆದರಿಸಲಿಲ್ಲ. ಆ ಕಾರ್ಯಕರ್ತೆಯ ತೃಪ್ತ ಮುಖ ಹೆದರಿಸಿತು.

ಪ್ರಶ್ನೆ: ಟೆರ್ರಿಯ ಪಾತ್ರ ಮಾಡಿದವರನ್ನು ಎಲ್ಲೋ ನೋಡಿದಂತಿದೆ. ಯಾರವರು?
(ರಾಣೇಬೆನ್ನೂರು)

ಉತ್ತರ: ಸ್ವೀಡನ್ ದೇಶದ ಸ್ಟೆಲ್ಲನ್ ಸ್ಕಾರ್ಸ್‌ಗಾರ್ಡ್. 1997ರ ‘ಗುಡ್ ವಿಲ್ ಹಂಟಿಂಗ್’ ಚಿತ್ರದ ಗಣಿತದ ಪ್ರಾಧ್ಯಾಪಕ, 2019ರ ‘ಚೆರ್ನೋಬಿಲ್’ ಧಾರಾವಾಹಿಯ ಸೋವಿಯತ್ ಮಂತ್ರಿ, ಇಬ್ಬರೂ ಇವರೇ. ಎರಿನ್ ಪಾತ್ರ ಡಯೇನ್ ಲೇನ್ ಅವರದು, ರೂಬಿಯಾಗಿ ನಟಿಸಿದವರು ಲೀಲೀ ಸೋಬಿಯೆಸ್ಕಿ.

ಪ್ರಶ್ನೆ: ಒಂಬತ್ತನೆಯ ತರಗತಿಯ ಮಗಳ ಜೊತೆಗೆ ನೋಡಲು ಕುಳಿತು ನಡುವೆಯೇ ನಿಲ್ಲಿಸಬೇಕಾಯಿತು. ಟೆರ್ರಿ ಆ ಹುಡುಗಿಯನ್ನು ನೋಡುವ ರೀತಿ ನಮಗಿಬ್ಬರಿಗೂ ಕಸಿವಿಸಿ ತಂದಿತು. ಇಂಥ ಚಿತ್ರವನ್ನು ಸೂಚಿಸುವಾಗ ಒಂದು ಎಚ್ಚರಿಕೆಯ ಮಾತನ್ನು ಬರೆಯಬಾರದಿತ್ತೆ?
(ಶಿಕ್ಷಕಿ, ಧಾರವಾಡ)

ಉತ್ತರ: ಬರೆಯಬೇಕಾಗಿತ್ತು, ತಪ್ಪು ನನ್ನದು. ಅಮೆರಿಕದಲ್ಲಿ ಹದಿಮೂರರ ಕೆಳಗಿನ ಮಕ್ಕಳ ವಿಷಯದಲ್ಲಿ ಪಾಲಕರು ಎಚ್ಚರ ವಹಿಸಬೇಕೆಂಬ ದರ್ಜೆಯನ್ನು ಈ ಚಿತ್ರಕ್ಕೆ ಕೊಟ್ಟಿದ್ದರು. ಒಂಬತ್ತನೆಯ ತರಗತಿಯ ಹುಡುಗಿ ಆ ಗೆರೆ ದಾಟಿರುತ್ತಾಳೆ ನಿಜ, ಆದರೆ ಕಸಿವಿಸಿಗೆ ವಯಸ್ಸಿನ ಲೆಕ್ಕವಿಲ್ಲ.

ನಿಮ್ಮ ಆಕ್ಷೇಪಣೆಯಲ್ಲಿ ಎರಡು ಬೇರೆ ಸಂಗತಿಗಳು ಸೇರಿಕೊಂಡಿವೆ. ಪಾಲಕನೆಂಬ ಹೆಸರು ಹೊತ್ತವನ ಕಣ್ಣು ಕೆಟ್ಟದಾಗಬಹುದು, ಅಂಥವನು ಕಾರಿನಲ್ಲಿ ಪಕ್ಕದಲ್ಲೇ ಕುಳಿತಾಗ ಹುಡುಗಿಯೊಬ್ಬಳು ಹೇಗೆ ಮುದುಡಿಕೊಳ್ಳುತ್ತಾಳೆ ಎಂಬುದನ್ನು ತೋರಿಸಿದ್ದು ಚಿತ್ರದ ಪ್ರಾಮಾಣಿಕತೆಯೇ ಸರಿ. ಸೋಬಿಯೆಸ್ಕಿ ಆ ಕ್ಷಣಗಳಲ್ಲಿ ಮಾತಿಲ್ಲದೆ ಬಹಳ ಚೆನ್ನಾಗಿ ನಟಿಸಿದ್ದಾರೆ. ಇನ್ನು ರಾತ್ರಿ ಅವಳು ಈಜುವ ದೃಶ್ಯ. ಅಲ್ಲಿ ಕ್ಯಾಮೆರಾ ಟೆರ್ರಿಯ ಕಣ್ಣನ್ನು ನಮಗೆ ತೋರಿಸುವುದನ್ನು ಬಿಟ್ಟು, ತಾನೇ ಆ ಕಣ್ಣಾಗಿ ನಿಂತುಬಿಡುತ್ತದೆ. ಒಂದು ತಪ್ಪನ್ನು ತೋರಿಸಲು ಹೊರಟು ಅದರಲ್ಲೇ ಪಾಲು ಪಡೆಯುವ ಈ ಚಾಳಿ ನಮ್ಮ ಚಿತ್ರಗಳಿಗೂ ಹೊಸದಲ್ಲ. ನಿಮ್ಮ ಮಗಳು ಅಲ್ಲಿ ಮುಖ ತಿರುಗಿಸಿದ್ದರೆ ಅವಳ ವಿವೇಚನೆ ನಿರ್ದೇಶಕರದಕ್ಕಿಂತ ದೊಡ್ಡದು.

ಪ್ರಶ್ನೆ: ಚಿತ್ರದಲ್ಲಿ ಹೊರಗಿನವರ ಕೈಗೆ ಮಕ್ಕಳನ್ನೂ ಹಣವನ್ನೂ ಒಪ್ಪಿಸಿಬಿಟ್ಟದ್ದು ನಂಬುವಂತೆ ಕಾಣಲಿಲ್ಲ. ನಮ್ಮಲ್ಲಾದರೆ ಹೀಗೆ ನಡೆಯುತ್ತದೆಯೆ? ನಮ್ಮ ಓಣಿಯಲ್ಲಿಯೇ ತಂದೆ ತಾಯಿಯಿಲ್ಲದ ಹುಡುಗನೊಬ್ಬನನ್ನು ಚಿಕ್ಕಪ್ಪ ಸಾಕುತ್ತಿದ್ದಾರೆ, ಹುಡುಗನ ಹೆಸರಿನಲ್ಲಿ ಮೆಣಸಿನಕಾಯಿ ಬೆಳೆಯುವ ಎರಿ ಹೊಲವಿದೆ. ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ, ಚಿತ್ರ ನೋಡಿದಾಗಿನಿಂದ ಆ ಹೊಲದ ಚಿಂತೆ ಹತ್ತಿದೆ.
(ಬ್ಯಾಡಗಿ)

ಉತ್ತರ: ಮೊದಲು ಪದದ ಮಾತು. ನಮ್ಮ ಕಡೆ ಶಾಲೆಯಲ್ಲಿ ‘ಪಾಲಕರ ಸಭೆ’ ಎಂದರೆ ತಂದೆ ತಾಯಿಯರ ಸಭೆ. ಹೆತ್ತವರನ್ನೂ, ಅವರಿಲ್ಲದಾಗ ಅವರ ಜಾಗಕ್ಕೆ ಬಂದವರನ್ನೂ ನಾವು ಒಂದೇ ಹೆಸರಿನಿಂದ ಕರೆಯುತ್ತೇವೆ. ಕಾನೂನು ಮಾತ್ರ ಇವರಿಬ್ಬರನ್ನು ಬೇರೆ ಬೇರೆಯಾಗಿಯೇ ನೋಡುತ್ತದೆ, ಮತ್ತು ಆಸ್ತಿಯ ವಿಷಯದಲ್ಲಿ ಹೆತ್ತವರನ್ನೂ ಪೂರ್ತಿ ನಂಬುವುದಿಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 8ನೆಯ ಕಲಮಿನಂತೆ, ಹೆತ್ತ ತಂದೆಯೇ ಆಗಲಿ, ಮಗುವಿನ ಸ್ವಂತ ಹೊಲ ಮನೆಗಳನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವಂತಿಲ್ಲ, ಒತ್ತೆ ಇಡುವಂತಿಲ್ಲ, ದಾನ ಕೊಡುವಂತಿಲ್ಲ. ಐದು ವರ್ಷ ಮೀರಿ ಲಾವಣಿಗೆ (ಗುತ್ತಿಗೆಗೆ) ಕೊಡುವಂತೆಯೂ ಇಲ್ಲ. ಉಯಿಲಿನ ಮೂಲಕ ನೇಮಕವಾದ ಪೋಷಕರಿಗೂ ಇದೇ ಕಟ್ಟುಪಾಡು. ಅನುಮತಿಯಿಲ್ಲದೆ ಹಾಗೆ ಮಾರಿದ್ದರೆ, ಹದಿನೆಂಟು ತುಂಬಿದ ಮೂರು ವರ್ಷಗಳೊಳಗೆ ಆ ಮಾರಾಟವನ್ನು ರದ್ದುಪಡಿಸಬೇಕೆಂದು ಮಗುವೇ ದಾವೆ ಹೂಡಬಹುದು.

ನಿಮ್ಮ ಓಣಿಯ ಚಿಕ್ಕಪ್ಪನವರು ಉಯಿಲಿನಿಂದಲೂ ನೇಮಕವಾಗಿಲ್ಲ, ನ್ಯಾಯಾಲಯದಿಂದಲೂ ಆಗಿಲ್ಲ, ಕರುಳಿನ ಮಮತೆಯಿಂದ ಸಾಕುತ್ತಿದ್ದಾರೆ ಎಂದಾದರೆ, ಅವರ ಮಮತೆಗೆ ನಮಸ್ಕಾರ. ಆದರೆ ಅದೇ ಕಾಯ್ದೆಯ 11ನೆಯ ಕಲಮಿನಂತೆ ಆ ಹೊಲವನ್ನು ವಿಲೇವಾರಿ ಮಾಡುವ ಅಧಿಕಾರವೇ ಅವರಿಗಿಲ್ಲ. ಹೊಲವಿನ್ನೂ ಪಾಲಾಗದ ಒಟ್ಟು ಮನೆತನದ್ದಾಗಿದ್ದರೆ ಲೆಕ್ಕ ಬೇರೆಯಾಗುತ್ತದೆ, ಆದ್ದರಿಂದ ಮೊದಲು ಹೊಲದ ಉತಾರವನ್ನು (ಪಹಣಿಯನ್ನು) ತೆಗೆಸಿ ನೋಡುವುದು ಒಳ್ಳೆಯದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಕ್ಕಳಿಗೆ ಉಚಿತವಾಗಿ ಕಾನೂನು ನೆರವು ಸಿಗುತ್ತದೆ. ಮಗುವಿಗೇ ತೊಂದರೆಯಾಗುತ್ತಿದೆಯೆಂಬ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಚಿತ್ರಕ್ಕೆ ಮರಳೋಣ. ನಮ್ಮ 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯಲ್ಲಿ, ನ್ಯಾಯಾಲಯವು ನೇಮಿಸಿದ ಪೋಷಕರಿಂದ ಜಾಮೀನು ಮುಚ್ಚಳಿಕೆ ಕೇಳಬಹುದು, ಮಗುವಿನ ಆಸ್ತಿಯ ಪಟ್ಟಿಯನ್ನು ಬರೆಸಿಕೊಳ್ಳಬಹುದು, ಕಾಲಕಾಲಕ್ಕೆ ಲೆಕ್ಕ ಕೇಳಬಹುದು, ನಂಬಿಕೆಗೆ ತಪ್ಪಿದರೆ ಕಿತ್ತುಹಾಕಬಹುದು. ಪೋಷಕನನ್ನು ನೇಮಿಸುವಾಗ, ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ನ್ಯಾಯಾಧೀಶರು ಕೇಳಿಕೊಳ್ಳುವುದಕ್ಕೂ ಅದರಲ್ಲಿ ಅವಕಾಶವಿದೆ. ಬೇಲಿಯೇ ಹೊಲ ಮೇಯ್ದೀತೆಂಬ ಅಂಜಿಕೆಯನ್ನು ಬಸವಣ್ಣನವರಂತೆಯೇ ಈ ಕಾಯ್ದೆಗಳನ್ನು ಬರೆದವರೂ ಬಲ್ಲವರಾಗಿದ್ದರು. ಆದರೆ ಮಾಲಿಬುವಿನಲ್ಲಿಯೂ ವಕೀಲರಿದ್ದರು, ನಿಧಿಗೆ ಕಟ್ಟುಪಾಡುಗಳಿದ್ದವು, ಕಾರ್ಯಕರ್ತೆ ಮನೆಗೆ ಬಂದು ಹೋದಳು. ಟೆರ್ರಿ ಯಾವ ಬಾಗಿಲನ್ನೂ ಒಡೆಯಲಿಲ್ಲ, ಕಾಗದಗಳಿಗೆ ಒಪ್ಪುವಂಥ ಕಾರಣಗಳನ್ನು ಹುಡುಕಿಕೊಳ್ಳುತ್ತ ಹೋದನು. ಆದ್ದರಿಂದ ಕಥೆ ನಂಬುವಂತಿಲ್ಲ ಎಂಬ ನಿಮ್ಮ ಮಾತನ್ನು ನಾನು ಒಪ್ಪಲಾರೆ. ಚಿತ್ರದಲ್ಲಿ ನಂಬಲು ಬರುವ ಭಾಗವೆಂದರೆ ಅದೇ.

ಪ್ರಶ್ನೆ: ಮಕ್ಕಳನ್ನು ಕೊಲ್ಲಲೆಂದು ಟೆರ್ರಿ ಬ್ರೇಕ್ ಕೆಡಿಸಿಟ್ಟ ಕಾರಿನಲ್ಲಿ ಅವನೇ ಹೋಗಬೇಕಾಗಿ ಬಂದದ್ದು ಚಂದ್ರಹಾಸನ ಕಥೆಯಂತಿದೆ, ಅಲ್ಲವೆ? ನನಗೆ ಕೊನೆಯ ಭಾಗ ಬಹಳ ಹಿಡಿಸಿತು.
(ಲಕ್ಷ್ಮೇಶ್ವರ)

ಉತ್ತರ: ಒಳ್ಳೆಯ ನೆನಪು. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಅನಾಥನಾದ ಚಂದ್ರಹಾಸನನ್ನು ಮುಗಿಸಲು ಮಂತ್ರಿ ದುಷ್ಟಬುದ್ಧಿಯು ಕಾಳಿಯ ಗುಡಿಯಲ್ಲಿ ಕೊಲೆಗಾರರನ್ನು ಇರಿಸಿದರೆ, ಅಲ್ಲಿಗೆ ಹೋದವನು ಅವನ ಮಗ ಮದನ. ಹೆಣೆದ ಬಲೆ ಹೆಣೆದವನ ಮನೆಗೇ ಬೀಳುವುದನ್ನು ಕಂಡು ಖುಷಿಪಡದ ನೋಡುಗ ಯಾವ ದೇಶದಲ್ಲಿಯೂ ಇರಲಾರ.

ಚಿತ್ರ ಅಲ್ಲಿಗೇ ನಿಂತಿದ್ದರೆ ನಿಮ್ಮ ಜೊತೆಗೆ ನಾನೂ ಚಪ್ಪಾಳೆ ತಟ್ಟುತ್ತಿದ್ದೆ. ಸಾಲಗಾರರ ಕೈಯಲ್ಲಿ ಸಿಕ್ಕು, ತಾನೇ ಕೆಡಿಸಿದ ಕಾರಿನೊಳಗೆ ಕುಳಿತ ಟೆರ್ರಿಯ ಮುಖದಲ್ಲಿ ಲೆಕ್ಕ ತಪ್ಪಿದವನ ಭಯವಿದೆ, ಅವನು ಆಗ ಇನ್ನೂ ಮನುಷ್ಯನಾಗಿಯೇ ಇದ್ದಾನೆ. ಆಮೇಲೆ ಸತ್ತನೆಂದುಕೊಂಡವನು ರಕ್ತ ಸುರಿಸುತ್ತ ಎದ್ದು ಬರುತ್ತಾನೆ, ಇನ್ನೊಂದು ಸಾವಾಗುತ್ತದೆ, ಕೊನೆಗೆ ಹುಡುಗಿಯೇ ಕಾರು ಹಾಯಿಸಬೇಕಾಗುತ್ತದೆ. ಅಷ್ಟು ಹೊತ್ತಿಗೆ ಪಾಲಕನು ಮಾಯವಾಗಿ ಅವನ ಜಾಗದಲ್ಲಿ ಒಂದು ದೆವ್ವ ನಿಂತಿರುತ್ತದೆ. ಗಂಟೆಗಟ್ಟಲೆ ಕಟ್ಟಿದ ಭಯವನ್ನು ಹತ್ತು ನಿಮಿಷಗಳ ಗದ್ದಲಕ್ಕೆ ಮಾರಿಕೊಂಡರೆಂದು ನನಗನ್ನಿಸಿತು. ನೀವು ಒಪ್ಪದಿದ್ದರೆ ಬೇಸರವಿಲ್ಲ. ಬಂದ ಪತ್ರಗಳಲ್ಲಿ ಕೊನೆಯನ್ನು ಮೆಚ್ಚಿದವರು ಇನ್ನೂ ಕೆಲವರಿದ್ದಾರೆ.

ಪ್ರಶ್ನೆ: ಇದರ ಎರಡನೆಯ ಭಾಗ ಇದೆಯೆ? ಇದೇ ಬಗೆಯ, ಇದಕ್ಕಿಂತ ಒಳ್ಳೆಯ ಚಿತ್ರವಿದ್ದರೆ ತಿಳಿಸಿ.
(ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಇದೇ ಹೆಸರನ್ನು ಮುಂದುಮಾಡಿಕೊಂಡ ಚಿತ್ರವೊಂದು 2006ರಲ್ಲಿ ನೇರವಾಗಿ ಡಿವಿಡಿಯಲ್ಲಿ ಬಂದಿತು. ಪಾತ್ರಗಳೂ ಕಥೆಯೂ ಬೇರೆ, ಅನಾಥ ಮಕ್ಕಳು ಮತ್ತು ಕೆಟ್ಟ ಪಾಲಕರೆಂಬ ಎಳೆ ಮಾತ್ರ ಅದೇ. ನೋಡದಿದ್ದರೆ ನಷ್ಟವಿಲ್ಲ.

ಒಳ್ಳೆಯದನ್ನು ಕೇಳಿದ್ದೀರಿ, ಆದ್ದರಿಂದ ಹಿಂದಕ್ಕೆ ಹೋಗಿ: 1955ರ ‘ದಿ ನೈಟ್ ಆಫ್ ದಿ ಹಂಟರ್’. ನಟ ಚಾರ್ಲ್ಸ್ ಲಾಟನ್ ತಮ್ಮ ಹೆಸರಿನಲ್ಲಿ ನಿರ್ದೇಶಿಸಿದ ಒಂದೇ ಒಂದು ಚಿತ್ರವಿದು. ಬಂದ ಕಾಲದಲ್ಲಿ ಯಾರೂ ಕಣ್ಣೆತ್ತಿ ನೋಡಲಿಲ್ಲ, ಇಂದು ದೊಡ್ಡ ಚಿತ್ರಗಳ ಸಾಲಿನಲ್ಲಿ ಅದರ ಹೆಸರು ಬರುತ್ತದೆ. ಅಲ್ಲಿಯೂ ಒಬ್ಬ ಅಣ್ಣ, ಒಬ್ಬಳು ಪುಟ್ಟ ತಂಗಿ. ತಂದೆ ಕದ್ದು ತಂದ ಹಣವನ್ನು ಆ ತಂಗಿಯ ಗೊಂಬೆಯೊಳಗೆ ಬಚ್ಚಿಟ್ಟಿರುತ್ತಾರೆ. ಆ ಹಣಕ್ಕಾಗಿಯೇ ಅವರ ತಾಯಿಯನ್ನು ಮದುವೆಯಾಗಿ ಮನೆ ಹೊಗುವವನು ಧರ್ಮೋಪದೇಶಕನ ವೇಷದ ಕೊಲೆಗಾರ. ರಾಬರ್ಟ್ ಮಿಚಮ್ ಅವರ ಆ ಪಾತ್ರ ಕೆಟ್ಟವನೆಂಬುದು ಮೊದಲ ಕೆಲವು ನಿಮಿಷಗಳಲ್ಲೇ ತಿಳಿಯುತ್ತದೆ, ಅದರಿಂದ ಭಯ ಒಂದಿಷ್ಟೂ ಇಳಿಯುವುದಿಲ್ಲ. ಮಕ್ಕಳಿಬ್ಬರು ರಾತ್ರಿ ದೋಣಿಯಲ್ಲಿ ನದಿಯುದ್ದಕ್ಕೂ ತೇಲಿಹೋಗುವ ಭಾಗವನ್ನು ನಾನು ಎಷ್ಟು ಸಲ ನೋಡಿದ್ದೇನೆಂದು ಲೆಕ್ಕವಿಟ್ಟಿಲ್ಲ. ಮುಖ್ಯವಾಗಿ, ಆ ಕಥೆಯಲ್ಲಿ ವಿದುರನ ಕೆಲಸ ಮಾಡುವ ಮುದುಕಿಯೊಬ್ಬಳಿದ್ದಾಳೆ. ಮಕ್ಕಳನ್ನು ಹೇಳದೆ ಕೇಳದೆ ಮನೆಯೊಳಗೆ ಕರೆದುಕೊಂಡು, ಊಟಕ್ಕಿಕ್ಕಿ, ರಾತ್ರಿಯಿಡೀ ಬಂದೂಕು ಹಿಡಿದು ಕಾಯುತ್ತಾಳೆ. ಕಪ್ಪು ಬಿಳುಪಿನ ಚಿತ್ರವೆಂದು ಹಿಂಜರಿಯಬೇಡಿ.

ಪ್ರಶ್ನೆ: ನನ್ನ ಅಜ್ಜಿಗೆ ಕಥೆಯನ್ನು ಹೇಳುತ್ತ ಹೇಳುತ್ತ ಚಿತ್ರ ತೋರಿಸಿದೆ. ಅವರು ಕೇಳಿದ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಲಾಗಲಿಲ್ಲ. ಮೊದಲನೆಯದು: “ಅಷ್ಟ ರೊಕ್ಕ ಇದ್ದಾವರು ಆ ಮನಿಗೆ ಒಂದ ಪರದೆ ಯಾಕ ಹಾಕಿಲ್ಲ?” ಎರಡನೆಯದು: “ಆ ಹುಡುಗ್ರಿಗೆ ಸೋದರಮಾವ ಇಲ್ಲೇನು?”
(ಕುಂದಗೋಳ)

ಉತ್ತರ: ಪರದೆಯ ಪ್ರಶ್ನೆಗೆ ಉತ್ತರ ಸುಲಭ: ಪರದೆ ಹಾಕಿದ್ದರೆ ಛಾಯಾಗ್ರಾಹಕರಿಗೆ ಗಾಜಿನಲ್ಲಿ ಮೂಡುವ ನೆರಳುಗಳು ಸಿಗುತ್ತಿರಲಿಲ್ಲ. ಮನೆಯಲ್ಲಿ ಯಾರು ಎಲ್ಲಿ ನಿಂತು ಯಾರನ್ನು ನೋಡುತ್ತಿದ್ದಾರೆಂಬ ಗೊಂದಲವೇ ಅರ್ಧ ಚಿತ್ರವನ್ನು ನಡೆಸುತ್ತದೆ.

ಎರಡನೆಯದು ನಾನೇ ಕೇಳಿಕೊಳ್ಳಬೇಕಿದ್ದ ಪ್ರಶ್ನೆ. ಸೋದರಮಾವ ಇದ್ದಾನೆ, ಕೊನೆಗೆ ಮಕ್ಕಳು ಅವನ ಆಸರೆಗೇ ಹೋಗುತ್ತಾರೆ. ಆದರೆ ಉಯಿಲಿನಲ್ಲಿದ್ದದ್ದು ಗ್ಲಾಸ್ ದಂಪತಿಯ ಹೆಸರು, ಅವನದಲ್ಲ, ಹಾಗಾಗಿ ನಡುವಿನ ಕಥೆಯುದ್ದಕ್ಕೂ ಅವನು ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಊರುಗಳಲ್ಲಾದರೆ ಮಣ್ಣು ಮಾಡಿ ಬಂದ ದಿನವೇ ಮಾವ ಮಕ್ಕಳ ಕೈ ಹಿಡಿದುಕೊಂಡು ಕುಳಿತುಬಿಡುತ್ತಿದ್ದ, ಉಯಿಲನ್ನು ಯಾರೂ ಕೇಳುತ್ತಲೂ ಇರಲಿಲ್ಲ ಎಂಬುದು ಅಜ್ಜಿಯವರ ಮಾತಿನ ಒಳಗಿನ ನಂಬಿಕೆ. ಆ ನಂಬಿಕೆ ನನಗೂ ಇದೆ. ಆದರೂ ಅಜ್ಜಿಯವರು ಸುಮ್ಮನಿರುವ ಹೊತ್ತು ನೋಡಿ, ಕಂಸನೂ ಶಕುನಿಯೂ ಸೋದರಮಾವಂದಿರೇ ಆಗಿದ್ದರಲ್ಲ ಎಂದು ಮೆಲ್ಲಗೆ ಕೇಳಿ, ಅವರು ಏನೆಂದರೆಂಬುದನ್ನು ಬರೆದು ತಿಳಿಸಿರಿ.